ರಾಡ್ ಹಾಕಿ ಮನೆಗೆ ಕಳುಹಿಸಿದ ಮೇಲೆ: ಆರೋಗ್ಯ ಸಚಿವರಿಗೆ ಮಲೆನಾಡಿನಿಂದ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಸಚಿವರು,
ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಮಲೆನಾಡಿನ ತಾಲ್ಲೂಕು ಆಸ್ಪತ್ರೆಗಳಲ್ಲಿ ಮೂಳೆ ಮುರಿತಕ್ಕೆ ಸಣ್ಣ ಗಾಯದ ಚಿಕಿತ್ಸೆ (ಉದ್ದಕ್ಕೆ ಸೀಳದೆ ಸಣ್ಣ ತೂತಿನ ಮೂಲಕ ಮಾಡುವ ಚಿಕಿತ್ಸೆ) ಮತ್ತು ನಂತರದ ತಪಾಸಣೆಯ ವ್ಯವಸ್ಥೆ ಕುರಿತು.

ಮಾನ್ಯರೇ,

ಸರ್ಕಾರಿ ಆಸ್ಪತ್ರೆಗಳಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ ಮಾಡಿ ನಿವೃತ್ತನಾದವನು ನಾನು. ಈಗ ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಒಂದಿಷ್ಟು ಅಡಿಕೆ ತೋಟ ನೋಡಿಕೊಂಡು ಇದ್ದೇನೆ. ನಾನು ವೈದ್ಯನಲ್ಲ, ಯಾವ ಮೂಳೆಗೆ ಯಾವ ಚಿಕಿತ್ಸೆ ಎಂದು ತೀರ್ಮಾನಿಸುವ ವಿದ್ಯೆ ನನ್ನದಲ್ಲ. ಆದರೆ ಮುರಿದ ಮೂಳೆ ಕೂಡಿದೆಯೋ ಇಲ್ಲವೋ ಎಂಬುದನ್ನು ವೈದ್ಯರಿಗಿಂತ ಒಂದು ನಿಮಿಷ ಮೊದಲು ಕಾಣುತ್ತಿದ್ದವನು ನಾನೇ. ಡಾರ್ಕ್‌ರೂಮಿನಲ್ಲಿ ಫಿಲ್ಮ್ ತೊಳೆಯುತ್ತಿದ್ದ ಕಾಲದಲ್ಲಿ ಆಷಾಢದ ಮಳೆಗೆ ಫಿಲ್ಮ್ ಒಣಗುತ್ತಲೇ ಇರಲಿಲ್ಲ. ನೀರು ತೊಟ್ಟಿಕ್ಕುತ್ತಿರುವಾಗಲೇ ಕ್ಲಿಪ್ಪಿನಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಎತ್ತಿ ನೋಡುತ್ತಿದ್ದೆವು. ಮುರಿದ ತುದಿಗಳ ಸುತ್ತ ಬೂದು ಬಣ್ಣದ ಮಸುಕು ಕಂಡರೆ ಹೊಸ ಮೂಳೆ ಹುಟ್ಟುತ್ತಿದೆ ಎಂದು ಸಮಾಧಾನ. ತಿಂಗಳುಗಳು ಕಳೆದರೂ ನಡುವೆ ಕಪ್ಪು ಗೆರೆ ಹಾಗೆಯೇ ಉಳಿದಿದ್ದರೆ, ಹೊರಗೆ ಬೆಂಚಿನ ಮೇಲೆ ಕುಳಿತವರ ಮುಖ ನೋಡಲು ಮನಸ್ಸಾಗುತ್ತಿರಲಿಲ್ಲ.

ಆ ಗೆರೆ ಉಳಿದುಹೋದವರ ಪರವಾಗಿ ತಮಗೆ ಬರೆಯುತ್ತಿದ್ದೇನೆ.

ಮಲೆನಾಡಿನಲ್ಲಿ ಮೂಳೆ ಮುರಿಯುವುದಕ್ಕೆ ಕಾರಣ ಹುಡುಕಬೇಕಾಗಿಲ್ಲ. ಮಳೆಗಾಲದಲ್ಲಿ ಅಡಿಕೆಗೆ ಕೊಳೆ ರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಯಬೇಕು. ಅದನ್ನು ಹೊಡೆಯುವುದು ಮರ ಪಾಚಿಗಟ್ಟಿ ಜಾರುವ ದಿನಗಳಲ್ಲಿಯೇ. ಆಮೇಲೆ ಕೊನೆ, ಅಂದರೆ ಅಡಿಕೆ ಗೊನೆ, ಕೊಯ್ಲು. ಈಚೆಗೆ ಫೈಬರ್ ದೋಟಿ ಬಂದು ಮರ ಹತ್ತುವುದು ಅಲ್ಲಲ್ಲಿ ಕಡಿಮೆಯಾಗಿದೆ ಎಂಬುದು ನಿಜ, ಆದರೆ ಎಲ್ಲರ ಕೈಗೂ ಅದು ಎಟಕುವುದಿಲ್ಲ. ಇನ್ನು ಕೊಟ್ಟಿಗೆಯ ಕಲ್ಲುಚಪ್ಪಡಿ, ಮನೆಯ ಮುಂದಿನ ದರೆ, ಹಳ್ಳ ದಾಟುವ ಸಂಕದ ಮೇಲಿನ ಅಡಿಕೆ ದಬ್ಬೆ, ತಿರುವಿನಲ್ಲಿ ಎದುರಾಗುವ ಬೈಕು. ಬಿದ್ದವರನ್ನು ಆಸ್ಪತ್ರೆಗೆ ಸಾಗಿಸುವುದು ಮೊದಲಿಗಿಂತ ಸುಲಭವಾಗಿದೆ ಎಂದು ಒಪ್ಪಿಕೊಳ್ಳುತ್ತೇನೆ. 108 ಬರುತ್ತದೆ. ಶರಾವತಿ ಹಿನ್ನೀರಿನ ಆಚೆ ತುಮರಿ ಸೀಮೆಯವರು ಕಾಲು ಮುರಿದುಕೊಂಡವರನ್ನು ಇಟ್ಟುಕೊಂಡು ಲಾಂಚ್‌ಗಾಗಿ ದಡದಲ್ಲಿ ಕಾಯಬೇಕಿತ್ತು. 2025ರ ಜುಲೈ ತಿಂಗಳಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಆ ಸಂಕಟ ತಪ್ಪಿದೆ. ಹೋಗುವ ದಾರಿಗೆ ಸರ್ಕಾರ ಖರ್ಚು ಮಾಡಿದೆ. ನನ್ನ ದೂರು ಇರುವುದು ಮರಳಿ ಬಂದ ಮೇಲಿನ ತಿಂಗಳುಗಳ ಬಗ್ಗೆ.

ನಮ್ಮೂರಿನ ಒಬ್ಬ ಕೊನೆಗಾರನ, ಅಂದರೆ ಅಡಿಕೆ ಮರ ಹತ್ತಿ ಗೊನೆ ಇಳಿಸುವವನ, ಕಥೆ ಹೇಳುತ್ತೇನೆ. ಹೆಸರು ಬೇಡ. ಔಷಧಿ ಹೊಡೆದು ಇಳಿಯುವಾಗ ಎರಡಾಳು ಎತ್ತರದಿಂದ ಜಾರಿ ಬಿದ್ದು ಮೊಣಕಾಲಿನ ಕೆಳಗಿನ ದೊಡ್ಡ ಮೂಳೆ ಮುರಿದುಕೊಂಡ. ತಾಲ್ಲೂಕು ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಪಟ್ಟಿಯ ಸ್ಲ್ಯಾಬ್ ಕಟ್ಟಿ, ಚೀಟಿ ಬರೆದು ದೊಡ್ಡ ಊರಿಗೆ ಕಳುಹಿಸಿದರು. ಅಲ್ಲಿ ಮೂಳೆಯ ನಾಳದೊಳಗೆ ಲೋಹದ ರಾಡ್ ಹಾಕಿದರು, ಚೆನ್ನಾಗಿಯೇ ಹಾಕಿದ್ದರು. ಆ ಫಿಲ್ಮ್ ನೋಡಿದ್ದೇನೆ, ಶಸ್ತ್ರವೈದ್ಯರ ಕೆಲಸಕ್ಕೆ ಬೆರಳು ತೋರಿಸುವಂತಿಲ್ಲ. ಒಂದು ವಾರದಲ್ಲಿ ಮನೆಗೆ ಬಂದ. ಬಿಡುಗಡೆಯ ಚೀಟಿಯ ಕೊನೆಯ ಸಾಲಿನಲ್ಲಿ, ಇಂಗ್ಲಿಷಿನಲ್ಲಿ, ಆರು ವಾರ ಬಿಟ್ಟು ಬರಬೇಕು ಎಂದು ಬರೆದಿತ್ತು. ಅವನಿಗೆ ಇಂಗ್ಲಿಷ್ ಬಾರದು. ಓದಿ ಹೇಳಿದ ಮೇಲೂ ಹೋಗಲಿಲ್ಲ. ಯಾಕೆ ಹೋಗಲಿಲ್ಲ ಎಂದು ಬೆಂಗಳೂರಿನಲ್ಲಿ ಕುಳಿತು ಕೇಳುವುದು ಸುಲಭ. ಮೊದಲ ಬಸ್ಸು ಹಿಡಿಯಬೇಕು. ಮಡಿಸಲಾಗದ ಕಾಲನ್ನು ಚಾಚಿಕೊಂಡು ಹಿಂದಿನ ಉದ್ದ ಸೀಟಿನಲ್ಲಿ, ಪ್ರತಿ ಹೊಂಡಕ್ಕೂ ಹಲ್ಲು ಕಚ್ಚಿಕೊಂಡು ಕೂರಬೇಕು. ಜೊತೆಗೆ ಒಬ್ಬರು ಬೇಕು, ಅಂದರೆ ಇಬ್ಬರ ಕೂಲಿ ಹೋಯಿತು. ಅಲ್ಲಿ ಚೀಟಿ ಮಾಡಿಸಿ, ಎಕ್ಸ್‌ರೇ ಸಾಲಿನಲ್ಲಿ ನಿಂತು, ವೈದ್ಯರ ಎದುರು ಕುಳಿತಾಗ ಎರಡು ನಿಮಿಷದ ಮಾತು. ಅಷ್ಟರಲ್ಲಿ ಊರಿನ ಕೊನೆಯ ಬಸ್ಸು ಹೊರಟಿರುತ್ತದೆ.

ಏಳನೆಯ ತಿಂಗಳಿನಲ್ಲಿ ಅವನು ಇನ್ನೂ ಕೋಲು ಹಿಡಿದೇ ನಡೆಯುತ್ತಿರುವುದನ್ನು ಕಂಡು ನಾನೇ ಒತ್ತಾಯಿಸಿ ಎಕ್ಸ್‌ರೇ ತೆಗೆಸಿದೆ. ಕಪ್ಪು ಗೆರೆ ಇತ್ತು. ತುದಿಗಳ ನಡುವೆ ಕೂದಲೆಳೆಯಷ್ಟು ಅಂತರ. ರಾಡಿನ ಮೇಲೆ ಕೆಳಗೆ ಹಾಕಿದ ಸ್ಕ್ರೂಗಳು ಮೂಳೆಯ ಎರಡು ತುಂಡುಗಳನ್ನೂ ಬಿಗಿಯಾಗಿ ಹಿಡಿದು, ಒಂದನ್ನೊಂದು ಒತ್ತದಂತೆ ದೂರವೇ ನಿಲ್ಲಿಸಿದ್ದವು. ಒಂದು ಆಸ್ಪತ್ರೆಯಲ್ಲಿ ಮತ್ತೆ ದೊಡ್ಡ ಆಪರೇಷನ್ ಆಗಬೇಕು, ಸೊಂಟದಿಂದ ಮೂಳೆ ತೆಗೆದು ಆ ಅಂತರದಲ್ಲಿ ಇಡಬೇಕು ಎಂದರು. ಹೇಳಿದ ಮೊತ್ತ ಕೇಳಿ ಅವನ ಹೆಂಡತಿ ಓಲೆ ಬಿಚ್ಚಲು ಸಿದ್ಧಳಾಗಿದ್ದಳು. ಇನ್ನೊಬ್ಬ ವೈದ್ಯರು ಫಿಲ್ಮನ್ನು ತಿರುಗಿಸಿ ತಿರುಗಿಸಿ ನೋಡಿ, ಆ ಜಾಗಕ್ಕೆ ಮಾತ್ರ ಮರಗಟ್ಟುವ ಚುಚ್ಚುಮದ್ದು ಕೊಟ್ಟು, ಬೆರಳಿನ ಅಗಲದ ಗಾಯ ಮಾಡಿ ಒಂದು ಸ್ಕ್ರೂ ತೆಗೆದರು. ಅಷ್ಟೇ. ಅದೇ ದಿನ ಮನೆಗೆ ಕಳುಹಿಸಿ, ಕಾಲಿನ ಮೇಲೆ ಭಾರ ಹಾಕಿ ನಡೆ ಎಂದರು. ನಡೆದಂತೆ ಮೈಯ ಭಾರವೇ ತುದಿಗಳನ್ನು ಒತ್ತಿತು. ಮುಂದಿನ ಫಿಲ್ಮುಗಳಲ್ಲಿ ಬೂದು ಬಣ್ಣ ಮೂಡುವುದನ್ನು ನಾನೇ ನೋಡಿದ್ದೇನೆ. ಎಲ್ಲರಿಗೂ ಹೀಗೆಯೇ ಆಗುತ್ತದೆ ಎಂದು ನಾನು ಹೇಳುವುದಿಲ್ಲ. ಅಂತರ ದೊಡ್ಡದಿದ್ದರೆ, ಕೀವಾಗಿದ್ದರೆ, ಮುರಿತ ಓರೆಯಾಗಿದ್ದು ಕುಸಿಯುವಂತಿದ್ದರೆ ಸ್ಕ್ರೂ ತೆಗೆಯುವುದು ತಪ್ಪೇ ಆದೀತು. ಆದರೆ ಇದನ್ನು ನಾಲ್ಕನೆಯ ತಿಂಗಳಿನಲ್ಲಿ ಯಾರಾದರೂ ನೋಡಿದ್ದರೆ ಅವನ ಒಂದು ಕೊಯ್ಲು ಉಳಿಯುತ್ತಿತ್ತು.

ಮಾನ್ಯರೇ, ಬಡವರ ಆಸ್ಪತ್ರೆ ಖರ್ಚಿಗೆ ಯೋಜನೆ ಇಲ್ಲವೆಂದಲ್ಲ. 2018ರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಇದೆ, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ. ಒಳ್ಳೆಯದೇ. ಆದರೆ ಆಯುಷ್ಮಾನ್ ಭಾರತ್ ಲೆಕ್ಕದಲ್ಲಿ ಬಿಡುಗಡೆಯ ನಂತರದ ಆರೈಕೆ ಎಂದರೆ 15 ದಿನ. ಮೊಣಕಾಲಿನ ಕೆಳಗಿನ ಮೂಳೆ ಎಲ್ಲವೂ ಸರಿಹೋದಾಗಲೇ ನಾಲ್ಕೈದು ತಿಂಗಳು ತೆಗೆದುಕೊಳ್ಳುತ್ತದೆ. ಮುರಿದ ಜಾಗದಲ್ಲಿ ಮೊದಲು ರಕ್ತ ಹೆಪ್ಪುಗಟ್ಟಬೇಕು, ಅದರೊಳಗೆ ಮೆತ್ತನೆಯ ಗಂಟು ಬೆಳೆಯಬೇಕು, ಅದು ಗಟ್ಟಿಯಾಗಬೇಕು, ಆಮೇಲೆ ವರ್ಷಗಟ್ಟಲೆ ತನ್ನ ಆಕಾರ ತಿದ್ದಿಕೊಳ್ಳಬೇಕು. ಬೀಡಿ ಸೇದುವವನಿಗೆ, ಸಕ್ಕರೆ ಕಾಯಿಲೆಯವರಿಗೆ, ಚರ್ಮ ಹರಿದು ಮೂಳೆ ಹೊರಬಂದಿದ್ದವರಿಗೆ ಇನ್ನೂ ತಡ. ಒಂಬತ್ತು ತಿಂಗಳಾದರೂ ಕೂಡದೆ, ಕೊನೆಯ ಮೂರು ತಿಂಗಳಿನಲ್ಲಿ ಫಿಲ್ಮಿನಲ್ಲಿ ಏನೂ ಬದಲಾಗದಿದ್ದರೆ ಅದು ಕೂಡದ ಮೂಳೆ ಎಂಬುದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ವ್ಯಾಖ್ಯಾನ. ಆ ಒಂಬತ್ತು ತಿಂಗಳು ಕೂಲಿಯವನು ಏನು ತಿನ್ನಬೇಕು ಎಂಬುದು ಯಾವ ವ್ಯಾಖ್ಯಾನದಲ್ಲಿಯೂ ಇಲ್ಲ. ಹಣ ಆಪರೇಷನ್ ಟೇಬಲ್‌ಗೆ ಸಿಗುತ್ತದೆ, ಮೂಳೆಗೆ ಬೇಕಾದ ಕಾಲಕ್ಕೆ ಸಿಗುವುದಿಲ್ಲ.

ಸಣ್ಣ ಗಾಯದ ಚಿಕಿತ್ಸೆ ಎಂದರೆ ದೊಡ್ಡ ಊರಿನ ಶೋಕಿ ಎಂದು ಇಲಾಖೆಯಲ್ಲಿ ಕೆಲವರು ಮಾತನಾಡುವುದನ್ನು ಸೇವೆಯಲ್ಲಿದ್ದಾಗ ಕೇಳಿದ್ದೇನೆ. ಹಾಗಲ್ಲ. ಮೂಳೆ ಸತ್ತ ವಸ್ತುವಲ್ಲ. ಅದರ ಹೊರಪೊರೆಯಲ್ಲಿ, ಸುತ್ತಲಿನ ಮಾಂಸದಲ್ಲಿ ಹರಿಯುವ ರಕ್ತವೇ ಅದನ್ನು ಕೂಡಿಸುವುದು. ಉದ್ದಕ್ಕೆ ಸೀಳಿ, ಪೊರೆ ಎಬ್ಬಿಸಿ, ಪ್ಲೇಟು ಕೂರಿಸಿದರೆ ತುಂಡುಗಳು ಅಚ್ಚುಕಟ್ಟಾಗಿ ನಿಲ್ಲಬಹುದು, ಆದರೆ ಕೂಡಿಸಬೇಕಾದ ರಕ್ತವೇ ಕಡಿಮೆಯಾಗುತ್ತದೆ. ಆದ್ದರಿಂದಲೇ ಮುರಿದ ಜಾಗವನ್ನು ತೆರೆಯದೆ, ದೂರದಲ್ಲಿ ಸಣ್ಣ ತೂತು ಮಾಡಿ ರಾಡ್ ತೂರಿಸುವುದು, ಚರ್ಮದ ಕೆಳಗಿನಿಂದ ಪ್ಲೇಟು ಜಾರಿಸುವುದು, ಮಣಿಕಟ್ಟಿನ ಮೂಳೆಯನ್ನು ಹೊರಗಿನಿಂದಲೇ ಕೂರಿಸಿ ತಂತಿ ಹಾಕುವುದು ಇವೆಲ್ಲ ಬಂದವು. ಹೊಸದೇನೂ ಅಲ್ಲ. ಜರ್ಮನಿಯ ಕೀಲ್ ನಗರದಲ್ಲಿ ಗೆರ್ಹಾರ್ಟ್ ಕ್ಯೂಂಟ್ಷರ್ ಎಂಬ ಶಸ್ತ್ರವೈದ್ಯರು ಮೂಳೆಯ ನಾಳದೊಳಗೆ ರಾಡ್ ಹಾಕಿದ್ದು 1939ರಲ್ಲಿ. ಗವ್ರೀಲ್ ಇಲಿಜಾರೊವ್ ಎಂಬ ಸೋವಿಯತ್ ವೈದ್ಯರು ಚರ್ಮದ ಮೂಲಕ ತಂತಿ ಹಾಯಿಸಿ ಹೊರಗೆ ಉಂಗುರ ಬಿಗಿಯುವ ಸಾಧನವನ್ನು ರೂಪಿಸಿದ್ದು 1950ರ ದಶಕದ ಆರಂಭದಲ್ಲಿ, ಮಾಸ್ಕೋದಲ್ಲಲ್ಲ, ಸೈಬೀರಿಯಾದ ಕುರ್ಗಾನ್ ಸೀಮೆಯಲ್ಲಿ. ವರ್ಷಗಳ ಹಿಂದೆ ಮುರಿದು ಸರಿಯಾಗಿ ಕೂಡದ ಕಾಲಿನೊಂದಿಗೆ ಕಾರ್ಲೊ ಮೌರಿ ಎಂಬ ಇಟಲಿಯ ಪರ್ವತಾರೋಹಿ ಕೊನೆಗೆ ಅಲ್ಲಿಗೇ ಹೋಗಿ ವಾಸಿಮಾಡಿಕೊಂಡು ಬಂದ ಮೇಲೆ ಪಶ್ಚಿಮದ ವೈದ್ಯರು ಕಣ್ಣರಳಿಸಿದರು. ದೂರದ ಜಿಲ್ಲೆ, ಹಿಮ, ಸೌಲಭ್ಯವಿಲ್ಲ ಎಂದು ಇಲಿಜಾರೊವ್ ಕೈಕಟ್ಟಿ ಕೂರಲಿಲ್ಲ. ನಮ್ಮಲ್ಲಿ ಮಳೆಗಾಲವನ್ನೇ ಕಾರಣವಾಗಿ ಬರೆದ ಕಡತಗಳನ್ನು ನಾನು ನೋಡಿದ್ದೇನೆ.

ಈಗ ಯಂತ್ರದ ವಿಷಯ. ಮುರಿದ ಜಾಗವನ್ನು ತೆರೆಯದೆ ಕೆಲಸ ಮಾಡಬೇಕಾದರೆ ಆಪರೇಷನ್ ನಡೆಯುತ್ತಿರುವಾಗಲೇ ಒಳಗಿನ ಮೂಳೆಯನ್ನು ಪರದೆಯ ಮೇಲೆ ತೋರಿಸುವ ಸಿ-ಆರ್ಮ್ ಎಂಬ ಎಕ್ಸ್‌ರೇ ಯಂತ್ರ ಬೇಕು. ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಅದು ಇದೆ. ಯಾವ ತಾಲ್ಲೂಕು ಎಂದು ಬರೆಯುವುದಿಲ್ಲ. ಬರೆದರೆ ಅಲ್ಲಿನ ಸಿಬ್ಬಂದಿಗೆ ನೋಟಿಸ್ ಹೋಗುತ್ತದೆಯೇ ಹೊರತು ಯಂತ್ರ ನಡೆಯುವುದಿಲ್ಲ, ಇಲಾಖೆಯ ರೀತಿ ನನಗೆ ಗೊತ್ತು. ಪರಿಚಯದವರೊಬ್ಬರನ್ನು ಮಾತನಾಡಿಸಲು ಹೋದಾಗ ನೋಡಿದೆ. ಆಪರೇಷನ್ ಕೊಠಡಿಯ ಹೊರಗಿನ ಓಣಿಯಲ್ಲಿ ಹಸಿರು ಬಟ್ಟೆ ಹೊದಿಸಿ ನಿಲ್ಲಿಸಿದ್ದಾರೆ. ಅದರ ತೋಳಿಗೆ ಯಾರೋ ಒದ್ದೆ ಕೊಡೆ ನೇತು ಹಾಕಿದ್ದರು. ಗೋಡೆಗೆ ಒರಗಿಸಿದ, ವಿಕಿರಣ ತಡೆಯುವ ಸೀಸದ ಏಪ್ರನ್‌ಗಳು ಅಲ್ಲಿಯೇ ಮಡಿಕೆ ಬಿದ್ದು ಕುಳಿತಿವೆ. ಏಪ್ರನ್ ಮಡಿಸಿದರೆ ಒಳಗಿನ ಸೀಸ ಬಿರುಕುಬಿಡುತ್ತದೆ, ತೂಗುಹಾಕಬೇಕು ಎಂಬುದು ಈ ಕೆಲಸದ ಮೊದಲ ಪಾಠ. ಕೇಳಿದರೆ ಒಂದೊಂದು ಬಾಯಿಂದ ಒಂದೊಂದು ಕಾರಣ. ಮೂಳೆ ವೈದ್ಯರು ವರ್ಗವಾದರು. ಎಕ್ಸ್‌ರೇ ತಂತ್ರಜ್ಞರ ಹುದ್ದೆ ಖಾಲಿ, ಇರುವ ಒಬ್ಬರು ಹೊರರೋಗಿಗಳನ್ನೇ ಮುಗಿಸಲಾರರು. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿಗೆ ಅರ್ಜಿ ಹಾಕಿದ್ದು ಎಲ್ಲಿಗೆ ಬಂತೋ ತಿಳಿಯದು. ವಿಕಿರಣದ ಯಂತ್ರಕ್ಕೆ ಪರವಾನಗಿ ಬೇಕೇ ಬೇಕು, ಅದರಲ್ಲಿ ರಿಯಾಯಿತಿ ಕೇಳುವ ಮೂರ್ಖ ನಾನಲ್ಲ. ಆದರೆ ಅರ್ಜಿಯ ಬೆನ್ನು ಹತ್ತಬೇಕಾದವರು ಯಾರು? ಯಂತ್ರ ಕೊಂಡಾಗ ಫೋಟೋ ತೆಗೆಸಿಕೊಂಡವರೇ ಅಲ್ಲವೇ?

ಇಲ್ಲಿ ಒಂದು ವಿಚಿತ್ರ ನೋಡಿ. ಅಮೆರಿಕದ ಲೂಯಿಸ್ ಜರ್ಕಲ್ ಎಂಬ ಮೂಳೆ ವೈದ್ಯರು 1999ರಲ್ಲಿ ಸೈನ್ ಎಂಬ ಸಂಸ್ಥೆ ಕಟ್ಟಿ, ಸಿ-ಆರ್ಮ್ ಇಲ್ಲದ ಬಡ ದೇಶಗಳ ಆಸ್ಪತ್ರೆಗಳಿಗೆಂದೇ ಬೇರೆ ರೀತಿಯ ರಾಡ್ ರೂಪಿಸಿದರು. ಹೊರಗೆ ಜೋಡಿಸುವ ಗುರಿಪಟ್ಟಿಯೊಂದರ ನೆರವಿನಿಂದ ವೈದ್ಯರು ಕೈಯ ಅಂದಾಜಿನಲ್ಲಿಯೇ ಸ್ಕ್ರೂವಿನ ತೂತು ಹುಡುಕುತ್ತಾರೆ. ಯಂತ್ರವೇ ಇಲ್ಲದ ಕಡೆ ಯಂತ್ರವಿಲ್ಲದೆ ದಾರಿ ಮಾಡಿಕೊಂಡಿದ್ದಾರೆ. ನಾವು ಯಂತ್ರ ತಂದು ಕೊಡೆ ನೇತು ಹಾಕಿದ್ದೇವೆ.

ನಾಟಿ ವೈದ್ಯರ ಮಾತನ್ನೂ ಇಲ್ಲಿ ಎತ್ತಬೇಕು, ಯಾಕೆಂದರೆ ಇಲಾಖೆಯ ಸಭೆಗಳಲ್ಲಿ ಎಲ್ಲ ತಪ್ಪನ್ನೂ ಅವರ ತಲೆಗೆ ಕಟ್ಟುವ ರೂಢಿಯಿದೆ. ಬಿದಿರಿನ ಪಟ್ಟಿಯಿಟ್ಟು ಅತಿಯಾಗಿ ಬಿಗಿದು, ರಕ್ತ ಓಡದೆ ಕಪ್ಪಾದ ಕೈಯನ್ನು ನಾನು ಎಕ್ಸ್‌ರೇ ಟೇಬಲ್ ಮೇಲೆ ಕಂಡಿದ್ದೇನೆ. ಆ ಹುಡುಗನ ಬೆರಳುಗಳು ಉಳಿಯಲಿಲ್ಲ. ಗಾಯವಾಗಿ ಮೂಳೆ ಕಾಣುತ್ತಿರುವ ಮುರಿತಕ್ಕೆ ಸೊಪ್ಪು ಅರೆದು ಕಟ್ಟುವುದು ಪ್ರಾಣಕ್ಕೇ ಕುತ್ತು. ಅಂಥ ಗಾಯಕ್ಕೆ ಗಂಟೆಯೊಳಗೆ ಕೀವು ತಡೆಯುವ ಔಷಧಿ ರಕ್ತಕ್ಕೆ ಸೇರಬೇಕು. ಇದನ್ನು ಮುಚ್ಚಿಡುವುದಿಲ್ಲ. ಆದರೂ ಜನ ಅವರ ಬಳಿ ಯಾಕೆ ಹೋಗುತ್ತಾರೆ ಎಂದು ಯೋಚಿಸಿದ್ದೀರಾ? ಅಜ್ಞಾನ ಎಂದು ತಳ್ಳಿಹಾಕಬೇಡಿ. ಮೂಳೆ ಕಟ್ಟುವವನು ಎಂಟು ದಿನ ಬಿಟ್ಟು ಬಾ ಎನ್ನುತ್ತಾನೆ, ಹೋದರೆ ಅವನು ಅಲ್ಲಿಯೇ ಇರುತ್ತಾನೆ. ಬಿಚ್ಚಿ ನೋಡುತ್ತಾನೆ, ಒತ್ತಿ ನೋಡುತ್ತಾನೆ, ಏನು ತಿಂದೆ ಎಂದು ಕೇಳುತ್ತಾನೆ, ಮತ್ತೆ ಕಟ್ಟಿ ಇನ್ನೊಂದು ದಿನ ಹೇಳುತ್ತಾನೆ. ಮೂಳೆ ಕೂಡುವವರೆಗೆ ರೋಗಿಯನ್ನು ಬಿಡುವುದಿಲ್ಲ. ಅವನ ವಿದ್ಯೆ ಅರೆಬರೆ ಇರಬಹುದು, ಲೆಕ್ಕ ಇಡುವುದರಲ್ಲಿ ಅವನು ನಮ್ಮ ಇಲಾಖೆಗಿಂತ ಮುಂದಿದ್ದಾನೆ.

ಇಲಾಖೆ ಬಿಟ್ಟ ಜಾಗ ಖಾಲಿ ಉಳಿಯುವುದಿಲ್ಲ, ವ್ಯಾಪಾರಿಗಳು ಬರುತ್ತಾರೆ. ಮೂಳೆ ಕೂಡದೆ ಕಂಗಾಲಾದವರ ಮನೆಗೆ ಈಗ ಬಗೆಬಗೆಯ ಸಲಹೆಗಳು ಬರುತ್ತಿವೆ. ಒಬ್ಬರಿಗೆ ಶಬ್ದತರಂಗದ ಪುಟ್ಟ ಯಂತ್ರವನ್ನು ಬಾಡಿಗೆಗೆ ಕೊಟ್ಟಿದ್ದರು. ದಿನಕ್ಕೆ 20 ನಿಮಿಷ ಮುರಿದ ಜಾಗದ ಮೇಲೆ ಇಟ್ಟುಕೊಂಡರೆ ಬೇಗ ಕೂಡುತ್ತದೆಯಂತೆ. ಇದು ಮೋಸದ ಸರಕು ಎನ್ನಲಾರೆ. ಅಮೆರಿಕದಲ್ಲಿ 1994ರಲ್ಲಿಯೇ ಇದಕ್ಕೆ ಅನುಮತಿ ಸಿಕ್ಕಿತ್ತು. ಆದರೆ ಕಾಲಿನ ಮೂಳೆ ಮುರಿದು ರಾಡ್ ಹಾಕಿಸಿಕೊಂಡ 501 ಮಂದಿಯ ಮೇಲೆ ನಡೆಸಿ, 2016ರಲ್ಲಿ ಬ್ರಿಟನ್ನಿನ ಬಿಎಂಜೆ ಪತ್ರಿಕೆ ಪ್ರಕಟಿಸಿದ ಪರೀಕ್ಷೆಯಲ್ಲಿ, ನಿಜವಾದ ಯಂತ್ರ ಇಟ್ಟುಕೊಂಡವರಿಗೂ ಸುಮ್ಮನೆ ಹಾಗೆ ಕಾಣುವ ಯಂತ್ರ ಇಟ್ಟುಕೊಂಡವರಿಗೂ ವ್ಯತ್ಯಾಸ ಕಾಣಲಿಲ್ಲ. ಮರುವರ್ಷ ಅದೇ ಪತ್ರಿಕೆಯ ಮಾರ್ಗಸೂಚಿ, ಹೊಸ ಮುರಿತಕ್ಕೆ ಇದನ್ನು ಬಳಸಬೇಡಿ ಎಂದು ಕಡ್ಡಿ ಮುರಿದಂತೆ ಹೇಳಿತು. ಹಾಗೆಯೇ ಮುದುಕಿಯರ ಕುಸಿದ ಬೆನ್ನುಮೂಳೆಗೆ ಸೂಜಿಯಿಂದ ಸಿಮೆಂಟ್ ತುಂಬುವ ಚಿಕಿತ್ಸೆ. 1984ರಲ್ಲಿ ಫ್ರಾನ್ಸಿನಲ್ಲಿ ಆರಂಭವಾದದ್ದು. 2009ರಲ್ಲಿ ಪ್ರಕಟವಾದ ಎರಡು ಪರೀಕ್ಷೆಗಳಲ್ಲಿ, ಸಿಮೆಂಟ್ ಹಾಕಿದಂತೆ ವೈದ್ಯರು ಬರೀ ನಟಿಸಿದ ರೋಗಿಗಳಿಗಿಂತ, ನಿಜವಾಗಿ ಹಾಕಿಸಿಕೊಂಡವರಿಗೆ ನೋವು ಹೆಚ್ಚೇನೂ ಕಡಿಮೆಯಾಗಲಿಲ್ಲ. ಯಾರಿಗೂ ಬೇಡ ಎಂದಲ್ಲ. ಬಿದ್ದ ವಾರದಲ್ಲಿಯೇ ಹೆದರಿಸಿ ಸಾಲ ಮಾಡಿಸಿ ಹಾಕಿಸುವಷ್ಟು ಅವಸರ ಬೇಡ ಎನ್ನುತ್ತಿದ್ದೇನೆ. ಸಣ್ಣ ತೂತಿನ ಚಿಕಿತ್ಸೆ ಎಂದ ಮಾತ್ರಕ್ಕೆ ಎಲ್ಲವೂ ಒಳ್ಳೆಯದಲ್ಲ. ಇದನ್ನು ಹೇಳಬೇಕಾದದ್ದು ತಮ್ಮ ಇಲಾಖೆ, ಕನ್ನಡದಲ್ಲಿ, ಆಸ್ಪತ್ರೆಯ ಗೋಡೆಯ ಮೇಲೆ. ನಿವೃತ್ತ ನೌಕರನೊಬ್ಬ ಮದುವೆ ಮನೆಯ ಪಂಕ್ತಿಯಲ್ಲಿ ಕುಳಿತು ಹೇಳಿದರೆ ಎಷ್ಟು ಜನಕ್ಕೆ ತಲುಪೀತು?

ಇದಕ್ಕೆ ಪ್ರತಿಯಾಗಿ, ನಿಜವಾಗಿ ಕೆಲಸಕ್ಕೆ ಬರುವ, ಅಗ್ಗದ ಚಿಕಿತ್ಸೆಯ ಹೆಸರೇ ಹಳ್ಳಿಯವರಿಗೆ ಗೊತ್ತಿಲ್ಲ. ಸೊಂಟದ ಮೂಳೆಯಿಂದ ಸೂಜಿಯಲ್ಲಿ ರೋಗಿಯದೇ ಅಸ್ಥಿಮಜ್ಜೆಯನ್ನು ಹೀರಿ, ಸಿ-ಆರ್ಮ್ ನೋಡಿಕೊಂಡು ಕೂಡದ ಜಾಗಕ್ಕೆ ಚುಚ್ಚುವುದು ಅದು. ಫ್ರಾನ್ಸಿನ ಫಿಲಿಪ್ ಎರ್ನಿಗು ಮತ್ತು ಸಂಗಡಿಗರು ಮಜ್ಜೆಯನ್ನು ಸಾಂದ್ರಗೊಳಿಸಿ ಚುಚ್ಚಿದ, ಕೀವಾಗದೆ ಕೂಡದೆ ಉಳಿದಿದ್ದ 60 ಕಾಲುಗಳಲ್ಲಿ 53 ಕೂಡಿದವು ಎಂದು 2005ರಲ್ಲಿ ವರದಿ ಮಾಡಿದರು. ಕೂಡದೆ ಉಳಿದ ಏಳರಲ್ಲಿ ಮೂಳೆ ಹುಟ್ಟಿಸುವ ಕೋಶಗಳ ಸಂಖ್ಯೆಯೇ ಕಡಿಮೆ ಇತ್ತು. ಆದ್ದರಿಂದ ಇದು ಕೈಚಳಕದ ಕೆಲಸ, ಕಲಿತವರೇ ಮಾಡಬೇಕು. ಹೋಲಿಸಿ ನೋಡಲು ಬೇರೆ ಗುಂಪು ಇಲ್ಲದ ವರದಿ ಅದು, ಅದನ್ನೂ ನೆನಪಿನಲ್ಲಿಡಬೇಕು. ಮೂಳೆ ಅಲುಗಾಡುತ್ತಿದ್ದರೆ, ವಕ್ರವಾಗಿದ್ದರೆ, ಒಳಗೆ ಕೀವಿದ್ದರೆ ಮಜ್ಜೆ ಚುಚ್ಚಿ ಪ್ರಯೋಜನವಿಲ್ಲ. ಆದರೂ ಸೊಂಟ ಕೊಯ್ದು ಮೂಳೆ ತೆಗೆಯುವ ದೊಡ್ಡ ಆಪರೇಷನ್‌ಗೆ ಮೊದಲು, ತಕ್ಕವರಿಗೆ, ಒಂದು ಮಧ್ಯಾಹ್ನದಲ್ಲಿ ಮುಗಿಯುವ ಈ ದಾರಿಯನ್ನು ತೋರಿಸಬೇಡವೇ? ಇದನ್ನೇ ಸ್ಟೆಮ್ ಸೆಲ್ ಎಂಬ ದೊಡ್ಡ ಹೆಸರಿಟ್ಟು ಸರ್ವರೋಗಕ್ಕೂ ಮಾರುವವರು ಹುಟ್ಟಿಕೊಳ್ಳುವ ಮೊದಲೇ ಸರ್ಕಾರಿ ವೈದ್ಯಕೀಯ ಕಾಲೇಜುಗಳು ಇದನ್ನು ಕ್ರಮಬದ್ಧವಾಗಿ ಮಾಡಿ ತೋರಿಸಬೇಕು.

ನಾನು ಕೇಳುವುದು ಹೊಸ ಕಟ್ಟಡವಲ್ಲ. ಶಂಕುಸ್ಥಾಪನೆಯ ಕಲ್ಲುಗಳು ಸಾಕಷ್ಟಿವೆ. ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬ, ಶಿಕಾರಿಪುರ, ಹೊಸನಗರ, ತೀರ್ಥಹಳ್ಳಿ, ಭದ್ರಾವತಿ ತಾಲ್ಲೂಕುಗಳಲ್ಲಿ, ಪಕ್ಕದ ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳಲ್ಲಿ ತಿಂಗಳಿಗೆ ಒಂದು ನಿಗದಿತ ದಿನ, ಸಂತೆಯ ದಿನವೇ ಆದರೆ ಇನ್ನೂ ಒಳ್ಳೆಯದು, ಮೂಳೆ ಮುರಿತದವರ ಮರುತಪಾಸಣೆ ನಡೆಯಲಿ. ಆಪರೇಷನ್ ಎಲ್ಲಿಯೇ ಆಗಿರಲಿ, ಖಾಸಗಿಯಲ್ಲಿಯೇ ಆಗಿರಲಿ, ಮಣಿಪಾಲದಲ್ಲಿಯೇ ಆಗಿರಲಿ, ಇಲ್ಲಿ ಬಂದು ಎಕ್ಸ್‌ರೇ ತೆಗೆಸಿಕೊಳ್ಳಲು ಯಾರೂ ಗೊಣಗಬಾರದು. ಎಲ್ಲ ಕಡೆಗೂ ಮೂಳೆ ವೈದ್ಯರು ಸಿಗಲಾರರು ಎಂಬುದನ್ನು ಬಲ್ಲೆ. ಸಿಗದ ಕಡೆ ಫಿಲ್ಮನ್ನು ವೈದ್ಯಕೀಯ ಕಾಲೇಜಿನ ತಜ್ಞರಿಗೆ ಅಂದೇ ಕಳುಹಿಸಿ ಅಭಿಪ್ರಾಯ ತರಿಸಿಕೊಳ್ಳುವುದು ಈ ಕಾಲದಲ್ಲಿ ಕಷ್ಟವಲ್ಲ. ಈಗಿನ ಫಿಲ್ಮುಗಳು ಹುಟ್ಟುವುದೇ ಕಂಪ್ಯೂಟರಿನೊಳಗೆ. ಕೂಡುತ್ತಿರುವವರಿಗೆ ಪ್ರಯಾಣ ಉಳಿಯುತ್ತದೆ, ಕೂಡದವರು ಬೇಗ ಗೊತ್ತಾಗುತ್ತಾರೆ. ಆಶಾ ಕಾರ್ಯಕರ್ತೆಯರ ಮೇಲೆ ಇನ್ನೊಂದು ಹೊರೆ ಹೊರಿಸಿ ಎಂದು ಹೇಳಲು ನನಗೆ ನಾಚಿಕೆಯಾಗುತ್ತದೆ, ಅವರ ಕೈಗೆ ಈಗಾಗಲೇ ಸಾಕಷ್ಟು ಪುಸ್ತಕಗಳನ್ನು ಕೊಟ್ಟಿದ್ದೀರಿ. ಆಸ್ಪತ್ರೆಯಲ್ಲಿಯೇ ಒಂದು ದಾಖಲೆ ಪುಸ್ತಕ ಇಟ್ಟು, ಬಾರದವರಿಗೆ ಒಂದು ಫೋನ್ ಮಾಡಿದರೆ ಸಾಕು.

ಸಿ-ಆರ್ಮ್ ಇರುವ ಆಸ್ಪತ್ರೆಗಳಿಗೆ ಎಕ್ಸ್‌ರೇ ತಂತ್ರಜ್ಞರನ್ನು ಕೊಡಿ, ಪರವಾನಗಿಯ ಕೆಲಸವನ್ನು ಆಯಾ ಆಸ್ಪತ್ರೆಗಳ ತಲೆಗೆ ಬಿಡದೆ ಜಿಲ್ಲಾ ಮಟ್ಟದಲ್ಲಿ ಒಬ್ಬ ಅಧಿಕಾರಿಯ ಹೊಣೆಗೆ ಹಚ್ಚಿ. ವೈದ್ಯರು ಇಲ್ಲದ ಕಡೆ ಯಂತ್ರವನ್ನು ವೈದ್ಯರಿರುವ ಪಕ್ಕದ ತಾಲ್ಲೂಕಿಗೆ ಸಾಗಿಸಿ. ನಮ್ಮ ತಾಲ್ಲೂಕಿನದು ಎಂದು ಅಭಿಮಾನಪಡುವ ರಾಜಕಾರಣಿಗಳನ್ನು ಸಮಾಧಾನ ಮಾಡುವುದು ತಮ್ಮ ಕೈಯಲ್ಲಿದೆ. ಸ್ಕ್ರೂ ತೆಗೆಯುವುದು, ಮಣಿಕಟ್ಟಿಗೆ ತಂತಿ ಹಾಕುವುದು ಮುಂತಾದ ಸಣ್ಣ ಕೆಲಸಗಳು ತಾಲ್ಲೂಕಿನಲ್ಲಿಯೇ ಆಗಲಿ, ಮಜ್ಜೆ ಚುಚ್ಚುವುದು, ಉಂಗುರ ಬಿಗಿಯುವುದು ಜಿಲ್ಲೆಯಲ್ಲಿ. ಯೋಜನೆಯ ಹಣ 15ನೆಯ ದಿನಕ್ಕೆ ನಿಲ್ಲದೆ ಮೂಳೆ ಕೂಡಿತು ಎಂದು ವೈದ್ಯರು ಬರೆಯುವವರೆಗೆ ಎಕ್ಸ್‌ರೇಗೂ ಬಸ್ ಚಾರ್ಜಿಗೂ ಸಿಗುವಂತೆ ಕೇಂದ್ರದೊಂದಿಗೆ ಮಾತನಾಡಿ; ಆಗದಿದ್ದರೆ ರಾಜ್ಯದ ಪಾಲಿನಿಂದಲೇ ಕೊಡಿ. ದೊಡ್ಡ ಆಪರೇಷನ್ ಒಂದನ್ನು ತಪ್ಪಿಸಿದರೆ ಉಳಿಯುವ ಹಣದಲ್ಲಿ ಎಷ್ಟು ಎಕ್ಸ್‌ರೇ ತೆಗೆಯಬಹುದು ಎಂದು ತಮ್ಮ ಲೆಕ್ಕಾಧಿಕಾರಿಗಳನ್ನೇ ಕೇಳಿ. ಬಿಡುಗಡೆಯ ಚೀಟಿಯಲ್ಲಿ, ಮತ್ತೆ ಯಾವಾಗ ಬರಬೇಕು, ಕಾಲಿನ ಮೇಲೆ ಎಷ್ಟು ಭಾರ ಹಾಕಬೇಕು ಎಂಬ ಎರಡು ಸಾಲು ಕನ್ನಡದಲ್ಲಿ ಇರಬೇಕು ಎಂಬ ಆದೇಶಕ್ಕೆ ಖರ್ಚೇ ಇಲ್ಲ. ಅದನ್ನು ನಾಳೆಯೇ ಹೊರಡಿಸಬಹುದು.

ಇವುಗಳಲ್ಲಿ ಯಾವುದು ಸಾಧ್ಯ, ಯಾವುದು ಸಾಧ್ಯವಿಲ್ಲ, ಸಾಧ್ಯವಿಲ್ಲದಿದ್ದರೆ ಯಾಕೆ ಎಂದು ತಮ್ಮ ಇಲಾಖೆಯಿಂದ ಬರಹದಲ್ಲಿ ಉತ್ತರ ನಿರೀಕ್ಷಿಸುತ್ತೇನೆ. 'ಮುಂದಿನ ಕ್ರಮಕ್ಕಾಗಿ ರವಾನಿಸಲಾಗಿದೆ' ಎಂಬ ಒಂದು ಸಾಲಿನ ಹಿಂಬರಹ ಬೇಡ. ಅಂಥ ಪತ್ರಗಳನ್ನು ಸೇವೆಯಲ್ಲಿದ್ದಾಗ ನಾನೇ ಫೈಲಿಗೆ ಸೇರಿಸಿದ್ದೇನೆ. ನನ್ನ ಸುತ್ತಲಿನ ಹಳ್ಳಿಗಳಲ್ಲಿ ಮೂಳೆ ಕೂಡದೆ ಮನೆಯಲ್ಲಿ ಕುಳಿತಿರುವವರ ಫಿಲ್ಮುಗಳನ್ನು, ಅವರ ಒಪ್ಪಿಗೆ ಪಡೆದು, ತಾವು ಕಳುಹಿಸುವ ಯಾವ ತಜ್ಞರಿಗೆ ಬೇಕಾದರೂ ತೋರಿಸಲು ಸಿದ್ಧನಿದ್ದೇನೆ. ಅವರು ಮುಂದಿನ ಮಳೆಗಾಲದ ಔಷಧಿ ಹೊಡೆಯುವ ಕೆಲಸ ಆರಂಭವಾಗುವ ಮೊದಲು ಬಂದರೆ ಅನುಕೂಲ.

ಗೌರವಗಳೊಂದಿಗೆ,

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಎಕ್ಸ್‌ರೇ ತಂತ್ರಜ್ಞ,
ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ.

ಪ್ರತಿಗಳು: ಶಿವಮೊಗ್ಗ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳಿಗೆ, ಮಲೆನಾಡು ಭಾಗದ ಎಲ್ಲ ಶಾಸಕರಿಗೆ.